ಸೆಪ್ಟೆಂಬರ್ 17: ಹೈದರಾಬಾದ್ ಸಂಸ್ಥಾನದ ಹತ್ಯಾಕಾಂಡಗಳು, ಸರ್ಕಾರಿ ಸ್ಮರಣೆ ಮತ್ತು ಹೊಣೆಗಾರಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಶಾಲಾ ಮಕ್ಕಳಿಗೆ ವರ್ಷದಲ್ಲಿ ಧ್ವಜಾರೋಹಣದ ದಿನಗಳು ಎರಡಲ್ಲ, ಮೂರು. ಆಗಸ್ಟ್ 15 ಮತ್ತು ಜನವರಿ 26ರ ಜೊತೆಗೆ ಸೆಪ್ಟೆಂಬರ್ 17ರಂದೂ ಇಲ್ಲಿ ರಾಷ್ಟ್ರಧ್ವಜ ಏರುತ್ತದೆ. ಕಿನ್ನಾಳದಿಂದ ಕೊಪ್ಪಳಕ್ಕೆ, ಅಲ್ಲಿಂದ ಪಶ್ಚಿಮದ ರಸ್ತೆ ಹಿಡಿದು ಗದಗ ಜಿಲ್ಲೆಯ ಮುಂಡರಗಿಗೆ ಹೋದರೆ ಅದೇ ದಿನ ಅಲ್ಲಿ ಸಾಮಾನ್ಯ ಕೆಲಸದ ದಿನ. ಈಗ ಕಣ್ಣಿಗೆ ಕಾಣದ ಒಂದು ಗಡಿ ಹಿಂದೆ ಕೊಪ್ಪಳ ಮತ್ತು ಮುಂಡರಗಿಯ ನಡುವೆ ಹಾದುಹೋಗುತ್ತಿತ್ತು. ಪೂರ್ವಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನ, ಪಶ್ಚಿಮಕ್ಕೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ.

1947 ಮತ್ತು 1948ರಲ್ಲಿ ಈ ಗಡಿಯ ಒಳಗೆ ಎರಡು ಬಾರಿ ಸಾಮೂಹಿಕ ಹತ್ಯೆಗಳು ನಡೆದವು. ಮೊದಲನೆಯದು ರಜಾಕಾರರೆಂಬ ಸ್ವಯಂಸೇವಕ ಪಡೆಯ ಹಾವಳಿ. ಎರಡನೆಯದು ಸಂಸ್ಥಾನವು ಭಾರತದ ವಶವಾದ ಮೇಲೆ ಮುಸ್ಲಿಮರ ಮೇಲೆ ನಡೆದ ಪ್ರತೀಕಾರ. ಒಂದರ ಸ್ಮರಣೆಗೆ ದಿನಾಚರಣೆ, ಸ್ಮಾರಕ ಮತ್ತು ಪಿಂಚಣಿ ದೊರೆತವು. ಇನ್ನೊಂದರ ಕುರಿತು ಒಂದು ವರದಿ ಸಿದ್ಧವಾಯಿತು, ದಶಕಗಳ ಕಾಲ ಪ್ರಕಟವಾಗಲಿಲ್ಲ.

ಪದಗಳ ಅರ್ಥ

ಪತ್ರಿಕೆಗಳು ನರಮೇಧ, ಹತ್ಯಾಕಾಂಡ, ಜನಾಂಗಹತ್ಯೆ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತವೆ. ಕಾನೂನು ಹಾಗೆ ಬಳಸುವುದಿಲ್ಲ. ಇಂಗ್ಲಿಷಿನ ‘ಜೆನೊಸೈಡ್’ ಪದವನ್ನು 1944ರಲ್ಲಿ ರೂಪಿಸಿದವರು ಪೋಲೆಂಡಿನ ಯಹೂದಿ ನ್ಯಾಯಶಾಸ್ತ್ರಜ್ಞ ರಾಫೇಲ್ ಲೆಮ್ಕಿನ್. ಕುಲ ಎಂಬ ಅರ್ಥದ ಗ್ರೀಕ್ ಪದಕ್ಕೆ ಕೊಲ್ಲುವುದು ಎಂಬ ಅರ್ಥದ ಲ್ಯಾಟಿನ್ ಧಾತುವನ್ನು ಅವರು ಜೋಡಿಸಿದರು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ ಪ್ರಕಾರ, ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಸಮೂಹವನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶದಿಂದ ಎಸಗಿದ ಕೃತ್ಯವೇ ಜನಾಂಗಹತ್ಯೆ. ಕೊಲೆ ಮಾತ್ರವಲ್ಲ, ತೀವ್ರ ದೈಹಿಕ ಅಥವಾ ಮಾನಸಿಕ ಹಾನಿ, ಬದುಕಲು ಅಸಾಧ್ಯವಾದ ಪರಿಸ್ಥಿತಿಯನ್ನು ಹೇರುವುದು, ಜನನವನ್ನು ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಸಮೂಹಕ್ಕೆ ಸಾಗಿಸುವುದು ಇವೂ ಅದರಲ್ಲಿ ಸೇರಿವೆ. ಸತ್ತವರ ಸಂಖ್ಯೆಗಿಂತ ಕೊಂದವರ ಉದ್ದೇಶ ಇಲ್ಲಿ ನಿರ್ಣಾಯಕ.

ಯುದ್ಧಾಪರಾಧ ಇದಕ್ಕಿಂತ ಭಿನ್ನ. ಸಶಸ್ತ್ರ ಸಂಘರ್ಷದ ನಿಯಮಗಳನ್ನು ಮುರಿದು ನಾಗರಿಕರನ್ನು, ಸೆರೆಯಾಳುಗಳನ್ನು, ಗಾಯಾಳುಗಳನ್ನು ಹಿಂಸಿಸುವುದು ಯುದ್ಧಾಪರಾಧ. ನಾಗರಿಕರ ಮೇಲೆ ವ್ಯಾಪಕವಾಗಿ ಅಥವಾ ವ್ಯವಸ್ಥಿತವಾಗಿ ದಾಳಿ ನಡೆಸುವುದಕ್ಕೆ ಮಾನವತೆಯ ವಿರುದ್ಧದ ಅಪರಾಧವೆಂಬ ಹೆಸರಿದೆ. ಹೈದರಾಬಾದ್ ಸಂಸ್ಥಾನದ ಘಟನೆಗಳನ್ನು ಯಾವ ನ್ಯಾಯಾಲಯವೂ ಜನಾಂಗಹತ್ಯೆಯೆಂದು ತೀರ್ಮಾನಿಸಿಲ್ಲ. ಆದ್ದರಿಂದ ಈ ಲೇಖನದಲ್ಲಿ ಎರಡೂ ಅಲೆಗಳಿಗೆ ಹತ್ಯಾಕಾಂಡ ಎಂಬ ಸಾಮಾನ್ಯ ಪದವನ್ನೇ ಬಳಸಲಾಗಿದೆ. ಒಂದಕ್ಕೆ ಘೋರವಾದ ಪದ, ಮತ್ತೊಂದಕ್ಕೆ ಸೌಮ್ಯವಾದ ಪದ ಬಳಸುವ ರೂಢಿ ಈ ಇತಿಹಾಸದಲ್ಲಿ ಸಾಕಷ್ಟಿದೆ.

ಮೊಗಲಾಯಿ ಮತ್ತು ಗಡಿ ಶಿಬಿರಗಳು

ನಿಜಾಮರ ಸೀಮೆಯನ್ನು ಗಡಿಭಾಗದ ಕನ್ನಡಿಗರು ಮೊಗಲಾಯಿ ಎಂದು ಕರೆಯುತ್ತಿದ್ದರು. ತೆಲುಗು, ಮರಾಠಿ, ಕನ್ನಡ ಭಾಷೆಗಳ ಪ್ರದೇಶಗಳನ್ನು ಒಳಗೊಂಡ ಈ ಸಂಸ್ಥಾನದ ಜನಸಂಖ್ಯೆ 1941ರಲ್ಲಿ 1 ಕೋಟಿ 60 ಲಕ್ಷವನ್ನು ದಾಟಿತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಅದರ ಕನ್ನಡ ಜಿಲ್ಲೆಗಳು. ಇಂದಿನ ಕೊಪ್ಪಳ ಜಿಲ್ಲೆ 1997ರವರೆಗೂ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ರೈತನು ಕಂದಾಯ ಕೊಡುತ್ತಿದ್ದುದು ಜಹಗೀರುದಾರನಿಗೆ, ಸರಕು ಗಡಿ ದಾಟುವಾಗ ಸುಂಕ ಕಟ್ಟುತ್ತಿದ್ದುದು ಸಂಸ್ಥಾನದ ಕರೋಡಗಿರಿ ನಾಕೆಯಲ್ಲಿ.

1947ರ ಆಗಸ್ಟ್ 15ರಂದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ವೇಳೆಗಾಗಲೇ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕತ್ವ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂದಿತ್ತು. ಅದರ ಸ್ವಯಂಸೇವಕ ಪಡೆಯೇ ರಜಾಕಾರರು. ಈ ಪದದ ಮೂಲಾರ್ಥ ಸ್ವಯಂಸೇವಕ ಎಂದು. ಹೈದರಾಬಾದ್ ಕರ್ನಾಟಕದ ಆಡುಮಾತಿನಲ್ಲಿ ಆ ಅರ್ಥ ಉಳಿದಿಲ್ಲ. ‘ರಜಾಕಾರರ ಕಾಲ’ ಎಂದರೆ ಇಲ್ಲಿ ಒಂದು ಯುಗದ ಹೆಸರು.

ರಜಾಕಾರರು ಊರೂರಿಗೆ ವಂತಿಗೆ ಹೇರಿದರು. ಕೊಡದ ಊರುಗಳಲ್ಲಿ ಲೂಟಿ, ಬೆಂಕಿ, ಕೊಲೆ, ಅತ್ಯಾಚಾರ ನಡೆದವು. 1948ರ ಮೇ ತಿಂಗಳಲ್ಲಿ ಗಾಣಗಾಪುರ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಮೇಲೆ ದಾಳಿಯಾಯಿತು. ಅದೇ ತಿಂಗಳು ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಸಾಮೂಹಿಕ ಹತ್ಯೆ ನಡೆಯಿತು; ಸತ್ತವರು ಸುಮಾರು 200 ಮಂದಿ ಎಂಬುದು ಆ ಭಾಗದ ಜನರ ಎಣಿಕೆ. ಹಿಂಸೆಗೆ ಬಲಿಯಾದವರೆಲ್ಲರೂ ಹಿಂದೂಗಳೇ ಅಲ್ಲ. ಹೈದರಾಬಾದಿನ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನ್ ಸಂಸ್ಥಾನವು ಭಾರತಕ್ಕೆ ಸೇರಬೇಕೆಂದು ಬರೆದ ಕಾರಣಕ್ಕೆ 1948ರ ಆಗಸ್ಟ್‌ನಲ್ಲಿ ಕೊಲೆಯಾದರು.

ಸಂಸ್ಥಾನದೊಳಗೆ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಿಷೇಧಕ್ಕೂ ಸೆರೆಮನೆಗೂ ಗುರಿಯಾಗಿತ್ತು. ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರ ಸೀಮೆಯ ಸಿಂದಗಿಯಲ್ಲಿ. ನಿಷೇಧದಿಂದಾಗಿ ಪ್ರತಿರೋಧದ ನೆಲೆಗಳು ಗಡಿಯ ಹೊರಗೆ ಬೆಳೆದವು. ಕೊಪ್ಪಳ ಸೀಮೆಗೆ ಹತ್ತಿರದವು ಎರಡು: ಅಳವಂಡಿ ಶಿವಮೂರ್ತಿಸ್ವಾಮಿ ನಡೆಸಿದ ಮುಂಡರಗಿ ಶಿಬಿರ ಮತ್ತು ಪುಂಡಲೀಕಪ್ಪ ಜ್ಞಾನಮೋಠೆ ನಡೆಸಿದ ಗಜೇಂದ್ರಗಡ ಶಿಬಿರ. ಶಿಬಿರಾರ್ಥಿಗಳು ರಾತ್ರಿ ಗಡಿ ದಾಟಿ ಬಂದು ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ಮರಳುತ್ತಿದ್ದರು. ಮೊಗಲಾಯಿಯಿಂದ ಎತ್ತು, ಚಕ್ಕಡಿ, ಮಕ್ಕಳೊಂದಿಗೆ ಓಡಿಬಂದ ಕುಟುಂಬಗಳಿಗೂ ಗಡಿಯಾಚೆಯ ಊರುಗಳೇ ಆಸರೆ.

ಯುದ್ಧಕ್ಕೆ ಪೊಲೀಸ್ ಎಂಬ ಹೆಸರು

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ. ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗದ ಮಾರ್ಗವಾಗಿ ಸಾಗಿತು. ದಕ್ಷಿಣದಲ್ಲಿ ಹೊಸಪೇಟೆಯ ಕಡೆಯಿಂದ ಮೈಸೂರು ಪದಾತಿದಳ, ತುಂಗಭದ್ರೆಯ ಸೇತುವೆಯ ಕಡೆಯಿಂದ ಗೂರ್ಖಾ ದಳ ಮುನ್ನುಗ್ಗಿದವು. 17ರ ಸಂಜೆ ನಿಜಾಮರು ಕದನ ನಿಲ್ಲಿಸುವುದಾಗಿ ರೇಡಿಯೋದಲ್ಲಿ ಘೋಷಿಸಿದರು. ಮರುದಿನ, 18ರಂದು, ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ವಿಧ್ಯುಕ್ತವಾಗಿ ಶರಣಾದರು.

ಸೇನೆಯ ಕಡತದಲ್ಲಿ ಇದರ ಹೆಸರು ‘ಆಪರೇಷನ್ ಪೋಲೋ’. ಸರ್ಕಾರದ ಭಾಷೆಯಲ್ಲಿ ಮತ್ತು ಇಂದಿಗೂ ಜನರ ಬಾಯಲ್ಲಿ ‘ಪೊಲೀಸ್ ಆಕ್ಷನ್’. ಟ್ಯಾಂಕುಗಳು ಮತ್ತು ವಿಮಾನಗಳು ಪಾಲ್ಗೊಂಡ ಕಾರ್ಯಾಚರಣೆಗೆ ಪೊಲೀಸ್ ಎಂಬ ವಿಶೇಷಣ ಅಂಟಿದ್ದು ಅಲಂಕಾರಕ್ಕಲ್ಲ. ನಿಜಾಮ ಸರ್ಕಾರ ಆಗಸ್ಟ್‌ನಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು, ಸೆಪ್ಟೆಂಬರ್ 16ರಂದು ಮಂಡಳಿ ಅದನ್ನು ಚರ್ಚೆಗೆ ಎತ್ತಿಕೊಂಡಿತು. ಎರಡು ದೇಶಗಳ ನಡುವಿನ ಕದನವಾದರೆ ಅದು ಅಂತರರಾಷ್ಟ್ರೀಯ ಪ್ರಶ್ನೆ. ಒಳಾಡಳಿತದಲ್ಲಿ ಶಾಂತಿಪಾಲನೆಯಾದರೆ ದೇಶದ ಆಂತರಿಕ ವಿಷಯ. ಭಾರತದ ವಾದ ಎರಡನೆಯದು. ಹೊಣೆಗಾರಿಕೆಯ ದೃಷ್ಟಿಯಿಂದ ಈ ಹೆಸರಿಗೆ ಇನ್ನೊಂದು ಪರಿಣಾಮವೂ ಉಂಟಾಯಿತು. ಯುದ್ಧವೇ ಆಗಿಲ್ಲವೆಂದ ಮೇಲೆ ಯುದ್ಧಾಪರಾಧದ ಪ್ರಶ್ನೆಯೂ ಏಳುವುದಿಲ್ಲ. ಆಂತರಿಕ ಸಂಘರ್ಷಗಳಲ್ಲೂ ನಾಗರಿಕರಿಗೆ ಕನಿಷ್ಠ ರಕ್ಷಣೆ ನೀಡುವ ಜಿನೀವಾ ಒಡಂಬಡಿಕೆಗಳು ರೂಪುಗೊಂಡದ್ದು ಮರುವರ್ಷ, 1949ರ ಆಗಸ್ಟ್‌ನಲ್ಲಿ.

ಸುಂದರಲಾಲ್ ಸಮಿತಿ

ರಜಾಕಾರರ ಪಡೆ ಚದುರಿತು. ಅವರ ಹಾವಳಿಯಿಂದ ನೊಂದ ಸೀಮೆಗಳಲ್ಲಿ ಸೇಡಿನ ಅಲೆ ಎದ್ದಿತು. ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಸಾಮಾನ್ಯ ಮುಸ್ಲಿಮ್ ಕುಟುಂಬಗಳು ಅದಕ್ಕೆ ತುತ್ತಾದವು. ಈ ಸುದ್ದಿಗಳು ದೆಹಲಿ ಮುಟ್ಟಿದಾಗ ಪ್ರಧಾನಿ ಜವಾಹರಲಾಲ್ ನೆಹರೂ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರನ್ನು ಸಂಸ್ಥಾನಕ್ಕೆ ಕಳುಹಿಸಿದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಅಲ್ಲಿದ್ದರು. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿ, ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಹೇಳಿಕೆಗಳನ್ನೂ ಪಡೆದರು.

ಈ ದಿನಾಂಕಗಳನ್ನು ಜಗತ್ತಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ನವೆಂಬರ್‌ನಲ್ಲಿ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿ ಜಪಾನಿನ ನಾಯಕರ ವಿರುದ್ಧ ತೀರ್ಪು ಕೊಟ್ಟಿತು. ಭಾರತದ ನ್ಯಾಯಾಧೀಶ ರಾಧಾಬಿನೋದ ಪಾಲ್ ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನಮತ ಬರೆದರು. ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಜನಾಂಗಹತ್ಯೆಯ ಒಡಂಬಡಿಕೆ ಅಂಗೀಕಾರವಾಯಿತು. ಈ ವಿಷಯವನ್ನು ಎರಡು ವರ್ಷ ಮೊದಲು ವಿಶ್ವಸಂಸ್ಥೆಯ ಮುಂದೆ ತಂದ ಮೂರು ದೇಶಗಳಲ್ಲಿ ಕ್ಯೂಬಾ ಮತ್ತು ಪನಾಮಾ ಜೊತೆಗೆ ಭಾರತವೂ ಇತ್ತು. ಪ್ಯಾರಿಸ್‌ನಲ್ಲಿ ಮತ ಹಾಕಿದ ದಿನ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿಯೇ ಇತ್ತು.

ಪೊಲೀಸ್ ಕಾರ್ಯಾಚರಣೆಯ ಅವಧಿಯಲ್ಲಿ ಮತ್ತು ನಂತರ ಸಂಸ್ಥಾನದಲ್ಲಿ ಅತ್ಯಂತ ಕಡಿಮೆಯೆಂದು ಲೆಕ್ಕ ಹಿಡಿದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಸಮಿತಿ ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ ಸತ್ತವರು 18,000ಕ್ಕೆ ಕಡಿಮೆಯಿಲ್ಲವೆಂದಿತು. ಅವುಗಳಲ್ಲಿ ಎರಡು ಕನ್ನಡ ಜಿಲ್ಲೆಗಳು. ಕೊಪ್ಪಳ ಸೇರಿದ್ದ ರಾಯಚೂರು ಈ ನಾಲ್ಕರಲ್ಲಿಲ್ಲ. ಇವು ಶವಗಳನ್ನು ಎಣಿಸಿ ಕೊಟ್ಟ ಅಂಕಿಗಳಲ್ಲ, ಸಾಕ್ಷ್ಯಗಳಿಂದ ಕಟ್ಟಿದ ಅಂದಾಜು. ಗೋರ್ಟಾದ ಸಂಖ್ಯೆಗೂ ಈ ಮಾತು ಸಲ್ಲುತ್ತದೆ.

ವರದಿ ಏಕಮುಖವಾಗಿರಲಿಲ್ಲ. ರಜಾಕಾರರ ವಸೂಲಿ, ಲೂಟಿ, ಕೊಲೆಗಳನ್ನು ಅದು ದಾಖಲಿಸಿತು. ಸೇನೆಯ ಮತ್ತು ಸ್ಥಳೀಯ ಪೊಲೀಸ್ ಪಡೆಯ ಕೆಲವರು ಲೂಟಿಯಲ್ಲೂ ಬೇರೆ ಅಪರಾಧಗಳಲ್ಲೂ ಪಾಲ್ಗೊಂಡ ನಿದರ್ಶನಗಳನ್ನು ಬರೆಯಿತು, ಶಿಸ್ತಿನಿಂದ ನಡೆದುಕೊಂಡು ಜನರನ್ನು ಉಳಿಸಿದ ಪಡೆಗಳನ್ನೂ ಗುರುತಿಸಿತು. ನೆರೆಹೊರೆಯ ಮುಸ್ಲಿಮರಿಗೆ ಹಿಂದೂಗಳು ಆಶ್ರಯ ಕೊಟ್ಟ ಪ್ರಸಂಗಗಳೂ ಅದರಲ್ಲಿವೆ. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಹೆಚ್ಚಾಗಿತ್ತೆಂದು ಸಮಿತಿ ಗಮನಿಸಿತು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ರಕ್ಷಣೆಗೆ ನಿಂತು ತಮ್ಮ ಪ್ರಾಣವನ್ನೇ ತೆತ್ತರು. ಬಣ್ಣದ ಮರದ ಗೊಂಬೆಗಳಷ್ಟೇ ಅಲ್ಲ, ಒಂದು ಕಾಲಕ್ಕೆ ಕೈಮಗ್ಗಕ್ಕೂ ಹೆಸರಾಗಿದ್ದ ಕಿನ್ನಾಳದಂಥ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ: ನೂಲು, ಬಣ್ಣ, ಸಾಲ, ಸಂತೆ ಎಲ್ಲವೂ ಮಗ್ಗದವರನ್ನು ಒಂದೇ ಎಳೆಯಲ್ಲಿ ಹಿಡಿದಿರುತ್ತವೆ.

ಗೃಹಸಚಿವ ಸರ್ದಾರ್ ವಲ್ಲಭಭಾಯಿ ಪಟೇಲರು ವರದಿಯನ್ನು ಒಪ್ಪಲಿಲ್ಲ. ಕಳುಹಿಸಿದ್ದು ಸದ್ಭಾವನಾ ನಿಯೋಗವನ್ನೇ ಹೊರತು ವಿಚಾರಣಾ ಆಯೋಗವನ್ನಲ್ಲ, ಕಾರ್ಯಾಚರಣೆಗೆ ಹಿಂದಿನ ಹಿಂಸೆಗೆ ತಕ್ಕ ತೂಕ ಕೊಟ್ಟಿಲ್ಲ ಎಂಬುದು ಅವರ ಆಕ್ಷೇಪ. ಮೊದಲನೆಯ ಮಾತಿನಲ್ಲಿ ಕಾನೂನಿನ ತಿರುಳಿದೆ. ವಿಚಾರಣಾ ಆಯೋಗಕ್ಕೆ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ಅಧಿಕಾರವಿರುತ್ತದೆ. ನಿಯೋಗಕ್ಕೆ ಕಿವಿ ಮಾತ್ರ. ಆ ಅಧಿಕಾರವುಳ್ಳ ಆಯೋಗವನ್ನು ನಂತರವೂ ನೇಮಿಸಲಿಲ್ಲ ಎಂಬುದು ಈ ವಾದದ ದುರ್ಬಲ ಭಾಗ. ವರದಿ ಅಪ್ರಕಟಿತವಾಗಿ ಉಳಿಯಿತು. ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ ಅದು ಓದುಗರಿಗೆ ದೊರೆಯುವಂತಾದದ್ದು, ಎ. ಜಿ. ನೂರಾನಿ ತಮ್ಮ ಗ್ರಂಥದಲ್ಲಿ ಅದನ್ನು 2013ರಲ್ಲಿ ಮುದ್ರಿಸಿದ್ದು ಬಹಳ ತಡವಾಗಿ.

ನ್ಯಾಯಾಲಯದ ದಾರಿ

ವರದಿ ಮೊದಲನೆಯದಾದರೆ, ಹೊಣೆ ನಿಗದಿಪಡಿಸುವ ಎರಡನೆಯ ಸಾಧನ ಮೊಕದ್ದಮೆ. ಜರ್ಮನಿಯ ನಾಜಿ ನಾಯಕರನ್ನು ನ್ಯೂರೆಂಬರ್ಗ್‌ನಲ್ಲಿ ಹೊಸ ಬಗೆಯ ಅಪರಾಧಗಳಿಗಾಗಿ ವಿಚಾರಣೆಗೆ ಒಳಪಡಿಸಿದರೆ, ಹೈದರಾಬಾದಿನಲ್ಲಿ ವಿಶೇಷ ನ್ಯಾಯಮಂಡಳಿಗಳು ಹಳೆಯ ದಂಡಸಂಹಿತೆಯ ಕೊಲೆ, ದರೋಡೆ ಕಲಮುಗಳನ್ನೇ ಹಿಡಿದವು. ಕಾಸಿಂ ರಜ್ವಿಗೆ ಏಳು ವರ್ಷಗಳ ಶಿಕ್ಷೆಯಾದದ್ದು 1948ರ ಜನವರಿಯಲ್ಲಿ ಬೀಬಿನಗರದಲ್ಲಿ ನಡೆದ ದರೋಡೆಯ ಪ್ರಕರಣದಲ್ಲಿ. ಸಾವಿರಾರು ಹಳ್ಳಿಗಳ ಭೀತಿ ಕಾನೂನಿನ ತಕ್ಕಡಿಯಲ್ಲಿ ಒಂದು ದರೋಡೆಯ ತೂಕಕ್ಕೆ ಇಳಿಯಿತು. ವಿಶೇಷ ನ್ಯಾಯಮಂಡಳಿಯ ಕಾರ್ಯವಿಧಾನ ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ರಜ್ವಿ ಸುಪ್ರೀಂ ಕೋರ್ಟಿಗೆ ಹೋದಾಗ, 1953ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಬ್ಬರು ಭಿನ್ನಮತ ಬರೆದರು. ಇಂಥ ಆರೋಪಿಗೂ ನ್ಯಾಯಬದ್ಧ ವಿಚಾರಣೆ ದಕ್ಕಬೇಕೆಂಬ ವಾದಕ್ಕೆ ಅಲ್ಲಿ ಜಾಗವಿತ್ತೆಂಬುದು ಗಮನಾರ್ಹ. 1957ರಲ್ಲಿ ಬಿಡುಗಡೆಯಾದ ರಜ್ವಿ ಪಾಕಿಸ್ತಾನಕ್ಕೆ ಹೋದರು.

ಉಳಿದವರ ಕಥೆ ಚಿಕ್ಕದು. ಸಂಸ್ಥಾನದ ಪ್ರಧಾನಿ ಮೀರ್ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ನಿಜಾಮರ ಮೇಲೆ ಮೊಕದ್ದಮೆಯೇ ಹೂಡಲಿಲ್ಲ. 1950ರ ಜನವರಿ 26ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅವರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ಸೆಪ್ಟೆಂಬರ್ 17ರ ನಂತರದ ಹತ್ಯೆಗಳಿಗೆ ರಜ್ವಿ ಮೊಕದ್ದಮೆಯಂಥ ಹೆಸರಾಂತ ವಿಚಾರಣೆ ಯಾವುದೂ ಇಲ್ಲ.

ಭಾರತವು ಜನಾಂಗಹತ್ಯೆಯ ಒಡಂಬಡಿಕೆಗೆ 1949ರಲ್ಲಿ ಸಹಿ ಹಾಕಿ 1959ರಲ್ಲಿ ಅನುಮೋದಿಸಿತು. ಆದರೆ ಅದನ್ನು ಪ್ರತ್ಯೇಕ ಅಪರಾಧವಾಗಿ ದೇಶದ ಶಾಸನದಲ್ಲಿ ಸೇರಿಸಲಿಲ್ಲ. 1984ರ ಸಿಖ್ ವಿರೋಧಿ ಹತ್ಯೆಗಳ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಶಿಕ್ಷೆ ವಿಧಿಸಿದ 2018ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಈ ಕೊರತೆಯನ್ನು ನೇರವಾಗಿ ಎತ್ತಿ ತೋರಿಸಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಂಥ ಕಲಮಿಲ್ಲ.

ಸ್ಮರಣೆಯ ಸಾಧನಗಳು

ಸರ್ಕಾರಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ನೆನೆಯುತ್ತವೆ: ಪಿಂಚಣಿ, ಸ್ಮಾರಕ, ದಿನಾಚರಣೆ. ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರವು 1972ರಲ್ಲಿ ಆರಂಭಿಸಿದ ಪಿಂಚಣಿ ಯೋಜನೆಯ ವ್ಯಾಪ್ತಿಗೆ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳನ್ನು ನಂತರ ಸೇರಿಸಲಾಯಿತು. ರಾತ್ರಿಯ ಗುಪ್ತ ದಾಳಿಗಳಿಗೆ ಹಾಜರಿ ಪುಸ್ತಕ ಇರುವುದಿಲ್ಲವಾದ್ದರಿಂದ ಶಿಬಿರದ ಮುಖ್ಯಸ್ಥರ ಪ್ರಮಾಣಪತ್ರವೇ ಮುಖ್ಯ ದಾಖಲೆಯಾಯಿತು. ಈ ಯೋಜನೆ ಹೋರಾಟಗಾರರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ ಮೀಸಲು. ಮನೆ ಸುಟ್ಟುಹೋಗಿ ವಲಸೆ ಹೋದ ರೈತ ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕವನ್ನೂ 103 ಅಡಿ ಎತ್ತರದ ಧ್ವಜಸ್ತಂಭವನ್ನೂ ಕೇಂದ್ರ ಗೃಹಸಚಿವ ಅಮಿತ್ ಶಾ 2023ರ ಮಾರ್ಚ್ 26ರಂದು ಉದ್ಘಾಟಿಸಿದರು. ಹತ್ಯೆ ನಡೆದು ಆಗ 75 ವರ್ಷ ತುಂಬುತ್ತಿತ್ತು.

ದಿನಾಚರಣೆಯ ವಿಷಯ ಇನ್ನೂ ಜಟಿಲ. ಕರ್ನಾಟಕದಲ್ಲಿ ಸೆಪ್ಟೆಂಬರ್ 17 ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು. 2019ರಲ್ಲಿ ಯಡಿಯೂರಪ್ಪ ಸರ್ಕಾರ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟ ಮೇಲೆ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವನ್ನು ನೆನಪಿಸುವ ಈ ಹೆಸರು ಸುಂದರವಾದದ್ದೇ. ಆದರೆ ವಿಮೋಚನೆಯಿಂದ ಉತ್ಸವಕ್ಕೆ ಸರಿದಾಗ, ಏನಾಗಿತ್ತೆಂಬ ಪ್ರಶ್ನೆಯೇ ಆಮಂತ್ರಣ ಪತ್ರಿಕೆಯಿಂದ ಜಾರಿಹೋಗುತ್ತದೆ. ಮಹಾರಾಷ್ಟ್ರದಲ್ಲಿ ಅದೇ ದಿನ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣದಲ್ಲಿ 2022ರಲ್ಲಿ ರಾಷ್ಟ್ರೀಯ ಏಕತಾ ದಿನವಾಗಿದ್ದದ್ದು ಸರ್ಕಾರ ಬದಲಾದ ಮೇಲೆ 2024ರಲ್ಲಿ ಪ್ರಜಾಪಾಲನಾ ದಿನೋತ್ಸವವಾಯಿತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೈದರಾಬಾದ್ ವಿಮೋಚನಾ ದಿನವೆಂದು ಅಧಿಸೂಚನೆ ಹೊರಡಿಸಿತು.

ಬೇರೆ ದೇಶಗಳ ದಿನಾಚರಣೆಗಳು ಭಿನ್ನ ಕ್ರಮದಲ್ಲಿ ರೂಪುಗೊಂಡಿವೆ. ರುವಾಂಡಾ ಏಪ್ರಿಲ್ 7ನ್ನು ಆಚರಿಸುತ್ತದೆ. ಅದು 1994ರಲ್ಲಿ ಟುಟ್ಸಿಗಳ ಜನಾಂಗಹತ್ಯೆ ಆರಂಭವಾದ ದಿನ, ಮುಗಿದ ದಿನವಲ್ಲ. ಬೋಸ್ನಿಯಾದ ಸ್ರೆಬ್ರೆನಿಕಾದ ಸ್ಮರಣೆಗೆ ಜುಲೈ 11ನ್ನು ವಿಶ್ವಸಂಸ್ಥೆ 2024ರಲ್ಲಿ ಗೊತ್ತುಪಡಿಸಿತು. ಅದು 1995ರಲ್ಲಿ ಪಟ್ಟಣ ಶತ್ರುವಶವಾದ ದಿನ. ಎರಡೂ ಕಡೆಯ ಹತ್ಯೆಗಳ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಗಳ ತೀರ್ಪುಗಳು ಬಂದಿವೆ. ಹೈದರಾಬಾದಿನ ದಿನವು ಸೋಲು ಒಪ್ಪಿಕೊಂಡ ಘೋಷಣೆಯ ದಿನ. ಅದಕ್ಕೆ ಹೆಸರಿಟ್ಟ ಸರ್ಕಾರಗಳೆಲ್ಲವೂ ಅದನ್ನು ಒಂದು ಸಂಕಟ ಮುಗಿದ ದಿನವೆಂದೇ ಓದುತ್ತವೆ. ಕೊಪ್ಪಳ ಸೀಮೆಯಿಂದ ಗಡಿ ದಾಟಿ ಹೋಗಿದ್ದ ಬಹುಪಾಲು ಕುಟುಂಬಗಳ ಪಾಲಿಗೆ ಆ ಓದು ಸರಿ. ಸುಂದರಲಾಲ್ ಸಮಿತಿಯ ಲೆಕ್ಕ ಆರಂಭವಾಗುವುದು ಆ ವಾರದಲ್ಲೇ.